ಸೋಮಂತಡ್ಕದಲ್ಲಿ ನಾನು ಕೊಟ್ಟ ರೈಟ್

ಕಳೆದ ಆಟಿ ತಿಂಗಳ ಮಳೆಯಲ್ಲಿ ಮೂಡುಬಿದಿರೆಯಿಂದ ಕಕ್ಕಿಂಜೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಒಂದು ಒದ್ದೆ ಟರ್ಪಾಲು ಇತ್ತು. ಈಗಿನ ನೀಲಿ ಪ್ಲಾಸ್ಟಿಕ್ಕಿನದ್ದಲ್ಲ, ಹಳೆಯ ದಪ್ಪ ಬಟ್ಟೆಯದ್ದು. ನನ್ನ ಸ್ನೇಹಿತ ಹಸನಬ್ಬ ತೀರಿಕೊಂಡು ಅಂದಿಗೆ ಒಂದು ವರ್ಷ. ಅವನ ಮನೆಯಲ್ಲಿ ಪ್ರಾರ್ಥನೆಯೂ ಊಟವೂ ಇತ್ತು. ಮಳೆಗೆ ಅಂಗಳಕ್ಕೆ ಹೊದೆಸಲೆಂದು ಅವನ ಮಗ ರಫೀಕ್ ಎಲ್ಲಿಂದಲೋ ಆ ಟರ್ಪಾಲನ್ನು ಹುಡುಕಿ ತಂದಿದ್ದ. ಬರುವ ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡ. ಕಾರು ಬಿಡುತ್ತಿದ್ದವಳು ರಫೀಕನ ಮಗಳು ಶಮೀಮ. ಅವಳಿಗೆ ಲೈಸೆನ್ಸು ಸಿಕ್ಕಿ ತಿಂಗಳೂ ಆಗಿರಲಿಲ್ಲ.

ಒದ್ದೆ ಟರ್ಪಾಲಿಗೆ ಒಂದು ವಾಸನೆ ಉಂಟು. ಹಳೆಯ ಎಣ್ಣೆ, ಬೂಸಲು, ಜನರ ಬೆವರು ಎಲ್ಲ ಸೇರಿದ ವಾಸನೆ. ನಲವತ್ತು ವರ್ಷಗಳಿಂದ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ವೇಣೂರು ದಾಟುವ ಹೊತ್ತಿಗೆ ತಡೆಯಲಾಗಲಿಲ್ಲ. ಕಿಟಕಿ ಸ್ವಲ್ಪ ಇಳಿಸಿ ಕೂತೆ.

ಉಜಿರೆ ಕಳೆದು ಸೋಮಂತಡ್ಕದಲ್ಲಿ ರಫೀಕ್ ಬಾಳೆಹಣ್ಣು ಕೊಳ್ಳಲು ಕಾರು ನಿಲ್ಲಿಸಲು ಹೇಳಿದ. ಪುನಃ ಹೊರಡುವಾಗ ಮಗಳಿಗೆ ಹೇಳಿದ: "ಹಿಂದೆ ನೋಡಿ ತೆಗಿ ಮಗಾ. ನಿನ್ನ ಅಜ್ಜ ರೈಟ್ ಇಲ್ಲದೆ ಬಸ್ಸು ತೆಗೆದದ್ದು ಇಲ್ಲಿಯೇ."

"ಗೊತ್ತುಂಟು ಉಪ್ಪ. ಇಲ್ಲಿಗೆ ಬಂದಾಗೆಲ್ಲ ಹೇಳ್ತೀರಿ," ಎಂದಳು ಶಮೀಮ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. "ಸಂಜೀವಜ್ಜ, ಕಂಡಕ್ಟರ್ ನೀವೇ ಹಿಂದೆ ಕೂತಿದ್ದೀರಲ್ಲ. ಒಂದು ರೈಟ್ ಕೊಡಿ ನೋಡುವ."

ಅವಳು ಕಾಯಲಿಲ್ಲ. ಕನ್ನಡಿ ನೋಡಿ, ತಿರುಗಿ ನೋಡಿ, ಸರಿಯಾಗಿಯೇ ಕಾರು ತೆಗೆದಳು. ಸೋಮಂತಡ್ಕದಿಂದ ಕಕ್ಕಿಂಜೆಗೆ ಹೆಚ್ಚು ದೂರವಿಲ್ಲ. ಆ ಸಣ್ಣ ದಾರಿಯಲ್ಲಿ ನಾನು ನಿಶ್ಚಯ ಮಾಡಿದೆ: ಇವತ್ತು ಆ ಮನೆಯ ಅನ್ನಕ್ಕೆ ಕೈ ಹಾಕುವ ಮೊದಲು ಹೇಳಬೇಕು. ನನಗೆ ಎಪ್ಪತ್ತೈದು ದಾಟಿದೆ. ನಾನು ಹೇಳದೆ ಸತ್ತರೆ ಆ ಸುಳ್ಳು ಶಮೀಮಳ ಮಕ್ಕಳಿಗೂ ಬುದ್ಧಿಮಾತಾಗಿ ಹೋಗುತ್ತದೆ.

ಹೇಳಬೇಕಾದದ್ದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಳೆಗಾಲದ ಮಾತು. ಆದರೆ ಅದಕ್ಕಿಂತ ಮೊದಲು ನಮ್ಮ ಅಪ್ಪಂದಿರ ವಿಷಯ ಹೇಳದಿದ್ದರೆ ನನ್ನ ತಪ್ಪಿನ ತೂಕ ಗೊತ್ತಾಗುವುದಿಲ್ಲ.

ನನ್ನ ಅಪ್ಪ ದೂಮಣ್ಣ, ಹಸನಬ್ಬನ ಅಪ್ಪ ಮೊಯ್ದಿನಬ್ಬ, ಇಬ್ಬರೂ ಬಂಟ್ವಾಳ ಪೇಟೆಯ ಗಾಡಿಯವರು. ಎತ್ತಿನ ಗಾಡಿಯಲ್ಲಿ ಉಪ್ಪು, ಒಣಮೀನು ಹೇರಿಕೊಂಡು ಚಾರ್ಮಾಡಿ ಹತ್ತುವುದು, ಇಳಿಯುವಾಗ ಕಾಫಿ, ಏಲಕ್ಕಿ ತರುವುದು ಅವರ ಕಸುಬು. ಎರಡು ಗಾಡಿಗಳೂ ಯಾವಾಗಲೂ ಜೊತೆಗೆ ಹೋಗುತ್ತಿದ್ದವು. ಒಬ್ಬನೇ ಹೋದರೆ ಘಾಟಿ ಹತ್ತಲು ಆಗುವುದಿಲ್ಲ. ಏರಿನಲ್ಲಿ ಎತ್ತಿಗೆ ಉಸಿರು ಬಿಡಲು ಗಾಡಿ ನಿಲ್ಲಿಸಿದಾಗ ಹಿಂದಿನ ಗಾಡಿಯವ ಇಳಿದು ಬಂದು ಮುಂದಿನ ಗಾಡಿಯ ಚಕ್ರದ ಹಿಂದೆ ಕಲ್ಲು ಇಡಬೇಕು. ಇಟ್ಟ ಮೇಲೆ "ಆಯ್ತು" ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಮುಂದಿನವ ಹಗ್ಗ ಸಡಿಲಿಸಬಾರದು. ಕೇಳಿದ ಮೇಲೆ ತಿರುಗಿ ನೋಡಬಾರದು. ತಿರುಗಿ ನೋಡಿದರೆ ಹಿಂದಿನವನ ಮೇಲೆ ನಂಬಿಕೆ ಇಲ್ಲ ಎಂದು ಅರ್ಥ.

ಒಮ್ಮೆ ಮೊಯ್ದಿನಬ್ಬನ ಗಾಡಿಗೆ ಇಟ್ಟ ಕಲ್ಲು ಕೆಸರಿನಲ್ಲಿ ಜಾರಿತು. ಅಪ್ಪ ಕೂಗಿಯಾಗಿತ್ತು, ಮೊಯ್ದಿನಬ್ಬ ಹಗ್ಗ ಬಿಟ್ಟಾಗಿತ್ತು. ಅಪ್ಪ ಜಾರುವ ಕಲ್ಲನ್ನು ಕೈಯಲ್ಲೇ ಒತ್ತಿ ಹಿಡಿದ. ಗಾಡಿಯೂ ಎತ್ತುಗಳೂ ಉಳಿದವು. ಅಪ್ಪನ ಬಲಗೈಯ ಎರಡು ಬೆರಳು ಹೋದವು. ಅಪ್ಪ ಅದನ್ನು ಎಂದೂ ದೊಡ್ಡದು ಮಾಡಿದವನಲ್ಲ. ನಾನು ಕೂಗಿದ್ದೆ, ಹಾಗಾಗಿ ಹಿಡಿಯಬೇಕಾದವ ನಾನೇ ಎನ್ನುತ್ತಿದ್ದ. ಪ್ರತಿ ವರ್ಷ ಪೊಳಲಿ ಜಾತ್ರೆಗೆ ಹೋದಾಗ ಎರಡು ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ತರುತ್ತಿದ್ದ. ಒಂದು ನಮಗೆ, ದೊಡ್ಡದು ಮೊಯ್ದಿನಬ್ಬನ ಮನೆಗೆ. ಅವರ ಹಬ್ಬದ ದಿನ ಆ ಮನೆಯಿಂದ ನಮಗೆ ತುಪ್ಪದನ್ನದ ಅಕ್ಕಿ, ದ್ರಾಕ್ಷಿ, ಗೇರುಬೀಜ ಬರುತ್ತಿತ್ತು, ಬೇಯಿಸಿಕೊಳ್ಳುವುದು ನಾವು.

ಗಾಡಿಗಳ ಕಾಲ ಮುಗಿದು ಬಸ್ಸುಗಳ ಕಾಲ ಬಂತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಂಡಕ್ಟರನಾದೆ. ಹಸನಬ್ಬ ನನಗಿಂತ ಎರಡು ವರ್ಷ ದೊಡ್ಡವ, ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ಲಾರಿಗಳಲ್ಲಿ ಕಲಿತು ಡ್ರೈವರನಾದ. ಒಬ್ಬರು ಧಣಿಗಳ ಬಸ್ಸಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆಯ ಮೇಲೆ ಚಾರ್ಮಾಡಿಗೆ ಹೋಗುವ ಬಸ್ಸು. ಅಪ್ಪಂದಿರು ಗಾಡಿ ಹೊಡೆದ ದಾರಿಯೇ. ಹಸನಬ್ಬ ಮದುವೆಯಾಗಿ ಕಕ್ಕಿಂಜೆಯಲ್ಲಿ ಹೆಂಡತಿಯ ಊರಲ್ಲಿ ನೆಲೆಸಿದ್ದ. ಕೊನೆಯ ಟ್ರಿಪ್ಪು ಕಕ್ಕಿಂಜೆಗೆ ಮುಗಿಯುತ್ತಿತ್ತು, ಬಸ್ಸಿಗೆ ಅಲ್ಲೇ ಹಾಲ್ಟ್. ಹಾಗಾಗಿ ವಾರದಲ್ಲಿ ಐದು ದಿನ ನನ್ನ ಊಟ, ನಿದ್ದೆ ಅವನ ಮನೆಯಲ್ಲಿ. ಅವನ ಹೆಂಡತಿ ಬೀಪಾತುಮ್ಮ ಮಾಡುವ ಅಕ್ಕಿರೊಟ್ಟಿ ಮತ್ತು ಬಂಗುಡೆ ಮೀನಿನ ಸಾರನ್ನು ನಾನು ತಿಂದಷ್ಟು ಅವಳ ಸ್ವಂತ ಅಣ್ಣಂದಿರು ತಿಂದಿರಲಿಕ್ಕಿಲ್ಲ.

ಬಸ್ಸಿನ ಕೆಲಸದಲ್ಲಿ ಕಂಡಕ್ಟರನ ವಿಸಿಲೇ ಡ್ರೈವರನ ಹಿಂದಿನ ಕಣ್ಣು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಎರಡು ಊದುವುದಕ್ಕೆ ನಾವು ರೈಟ್ ಕೊಡುವುದು ಎನ್ನುತ್ತಿದ್ದೆವು. ರೈಟ್ ಸಿಗದೆ ಬಸ್ಸು ತೆಗೆಯುವ ಡ್ರೈವರನಿಗೆ ಈ ಲೈನಿನಲ್ಲಿ ಮರ್ಯಾದೆ ಇಲ್ಲ. ಹಸನಬ್ಬ ಎಷ್ಟು ಗಟ್ಟಿಯೆಂದರೆ, ಬಸ್ಸು ಖಾಲಿ ಇದ್ದು ನಾವಿಬ್ಬರೇ ಇದ್ದಾಗಲೂ ನಾನು ವಿಸಿಲು ಊದದೆ ಅವ ಗೇರ್ ಹಾಕುತ್ತಿರಲಿಲ್ಲ. ತಮಾಷೆ ಮಾಡುತ್ತಿದ್ದ: "ನಿನ್ನ ವಿಸಿಲಿಗೆ ಹೆದರುವುದು ನಾನೊಬ್ಬನೇ ಮಾರಾಯ. ನಿನ್ನ ಮನೆಯಲ್ಲಿ ಸುಮತಿಯೂ ಹೆದರುವುದಿಲ್ಲ." ಸುಮತಿ ನನ್ನ ಹೆಂಡತಿ. ಅವಳು ಹೆದರುತ್ತಿರಲಿಲ್ಲ ಎಂಬುದು ನಿಜವೇ.

ನಮ್ಮ ಬಸ್ಸಿಗೆ ಹಿಂದೆ ಒಂದೇ ಬಾಗಿಲು, ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ. ಕ್ಲೀನರ್ ಇರಲಿಲ್ಲ. ಕಿಟಕಿಗಳಿಗೆ ಗಾಜು ಇಲ್ಲ. ಮಳೆ ಬಂದರೆ ಎರಡು ಬದಿಗೂ ಟರ್ಪಾಲಿನ ಪರದೆ ಇಳಿಬಿಡುವುದು. ಪರದೆ ಇಳಿದ ಮೇಲೆ ಒಳಗಿದ್ದವನಿಗೆ ಹೊರಗೆ ಏನೂ ಕಾಣುವುದಿಲ್ಲ. ಅದಕ್ಕಾಗಿ ಮಳೆಗಾಲದಲ್ಲಿ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲಿ ರಸ್ತೆಗೆ ಇಳಿದು, ಮೆಟ್ಟಿಲು ನೋಡಿ, ಕೊನೆಯವನಾಗಿ ಹತ್ತಿ ರೈಟ್ ಕೊಡಬೇಕು. ದಿನಕ್ಕೆ ನೂರು ಸಲ ಇಳಿದು ಹತ್ತಿದರೂ ಇದು ಬಿಡುವಂತಿಲ್ಲ. ಮಳೆಗಾಲ ಮುಗಿಯುವ ತನಕ ಮೈ ಒಣಗುವುದೆಂಬುದಿಲ್ಲ.

ಎಪ್ಪತ್ತೆಂಟರ ಮಳೆ ಜೂನಿನಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಅದೇ ವರ್ಷ ನಮ್ಮ ಹಿಂದೆಯೇ ಇನ್ನೊಂದು ಬಸ್ಸಿಗೆ ಪರ್ಮಿಟ್ ಸಿಕ್ಕಿ, ಏಳೆಂಟು ನಿಮಿಷದ ಅಂತರದಲ್ಲಿ ಅದು ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿತ್ತು. ನಾವು ತಡ ಮಾಡಿದರೆ ಮುಂದಿನ ಸ್ಟಾಪಿನ ಜನ ಅವರಿಗೆ. ಧಣಿಗಳು ನನ್ನನ್ನು ಕರೆದು, ಸ್ಟಾಪಿನಲ್ಲಿ ಪುರಾಣ ಓದಬೇಡ ಎಂದಿದ್ದರು. ಹಸನಬ್ಬನಿಗೆ ಆ ಅವಸರ ತಾಗಲೇ ಇಲ್ಲ. "ಅವ ಮುಂದೆ ಹೋದರೆ ಹೋಗಲಿ. ರಸ್ತೆ ಅವನ ಮಾವ ಕೊಟ್ಟದ್ದಾ?" ಎನ್ನುತ್ತಿದ್ದ. ತಾಗಿದ್ದು ನನಗೆ.

ಆ ದಿನ ಮಧ್ಯಾಹ್ನದ ಟ್ರಿಪ್ಪು. ಬೆಳಿಗ್ಗೆಯಿಂದ ನೆನೆದು ನೆನೆದು ಚಳಿ ಹಿಡಿದಿತ್ತು. ಬೆಳ್ತಂಗಡಿಯಲ್ಲಿ ಹೋಟೆಲಿನ ಒಲೆಯ ಹತ್ತಿರ ಒಣಗಿಸಲು ಕೊಟ್ಟಿದ್ದ ನನ್ನ ಇನ್ನೊಂದು ಖಾಕಿ ಅಂಗಿ ಸಿಕ್ಕಿತು. ಬೆಚ್ಚಗಿತ್ತು. ಹಾಕಿಕೊಂಡೆ. ಒಂದು ಗಂಟೆಯಾದರೂ ಒಣಗಿದ ಮೈಯಲ್ಲಿ ಇರುವ ಎಂಬ ಆಸೆ. ಉಜಿರೆಯಲ್ಲಿ ನಾನು ಇಳಿಯಲಿಲ್ಲ. ಏನೂ ಆಗಲಿಲ್ಲ.

ಸೋಮಂತಡ್ಕದಲ್ಲಿ ಬಸ್ಸು ನಿಲ್ಲುವಾಗ ಪರದೆಯ ಸಂದಿಯಲ್ಲಿ ನೋಡಿದೆ. ಐದು ಕೊಡೆ ಕಂಡಿತು. ಹಿಂದಿನ ಮೆಟ್ಟಿಲು ಹಲಗೆಯದ್ದು, ಯಾರು ಹತ್ತಿದರೂ ಧಡ್ ಎಂದು ಸದ್ದಾಗುತ್ತದೆ. ನಾನು ಬಸ್ಸಿನ ನಡುವೆ ನಿಂತು ಟಿಕೇಟು ಹರಿಯುತ್ತಾ ಸದ್ದಿಗೆ ಕಿವಿ ಕೊಟ್ಟೆ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಐದನೆಯದು, ಸ್ವಲ್ಪ ಜೋರಾಗಿ. ಎರಡು ವಿಸಿಲು ಊದಿದೆ. ಹಸನಬ್ಬ ಗೇರ್ ಹಾಕಿದ.

ಐದನೆಯದು ಕಾಲಲ್ಲ, ಬುಟ್ಟಿ.

ದೇಯಕ್ಕ ಎಂಬ ಹೆಂಗಸು, ಐವತ್ತರ ಹತ್ತಿರದ ಪ್ರಾಯ. ಬೇಸಗೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಮಾಡಿನ ಜಂತಿಗೆ ತೂಗುಹಾಕಿ ಇಟ್ಟು, ತರಕಾರಿ ಇಲ್ಲದ ಮಳೆಗಾಲದಲ್ಲಿ ಕಕ್ಕಿಂಜೆಗೆ ಕೊಂಡುಹೋಗಿ ಮಾರುತ್ತಿದ್ದಳು. ಬುಟ್ಟಿಯನ್ನು ಮೊದಲು ಮೆಟ್ಟಿಲ ಮೇಲೆ ಇಟ್ಟು, ಕಂಬಿ ಹಿಡಿದು ಕಾಲು ಎತ್ತುವುದು ಅವಳ ಕ್ರಮ. ನನಗೆ ಆ ಕ್ರಮ ಗೊತ್ತಿತ್ತು. ಎಷ್ಟೋ ಸಲ ಆ ಬುಟ್ಟಿಯನ್ನು ನಾನೇ ಒಳಗೆ ಎಳೆದಿದ್ದೆ. ಬಸ್ಸು ಅಲುಗಿದಾಗ ಅವಳ ಒಂದು ಕೈಯಲ್ಲಿ ಕಂಬಿ ಇತ್ತು, ಕಾಲು ನೆಲದಲ್ಲಿತ್ತು. ಜಾರಿ ಬಿದ್ದಳು. ಹಿಂದಿನ ಚಕ್ರ ಎಡಗಾಲಿನ ಪಾದದ ಮೇಲೆ ಹತ್ತಿತು. ಸೌತೆಕಾಯಿಗಳು ಕೆಂಪು ನೀರಿನಲ್ಲಿ ಉರುಳಿಕೊಂಡು ಚರಂಡಿಗೆ ಹೋದದ್ದು ಈಗಲೂ ಕಣ್ಣಿಗೆ ಕಾಣುತ್ತದೆ.

ನಾನು ಹಾರಿ ಇಳಿದೆ. ಹೆಗಲ ಮೇಲಿದ್ದ ಬೈರಾಸಿನಿಂದ ಕಾಲು ಕಟ್ಟಿದೆ. ಒಂದು ಜೀಪು ನಿಲ್ಲಿಸಿ ಅವಳನ್ನು ಎತ್ತಿ ಮಲಗಿಸಿದೆ. ಜನ ಸೇರಿದರು. ಕಂಡಕ್ಟರ್ ಒಳ್ಳೆಯವ, ಇದ್ದದ್ದಕ್ಕೆ ಆಯಿತು ಎಂದು ಯಾರೋ ಹೇಳಿದ್ದು ಕೇಳಿಸಿತು. ಆಮೇಲೆ ಅವರು ಡ್ರೈವರನ ಕಡೆ ತಿರುಗಿದರು. ಹೆಸರು ಕೇಳಿದರು. ಹೆಸರು ಕೇಳಿದ ಮೇಲೆ ಅವರ ದನಿ ಇನ್ನೂ ಒಂದು ಮೆಟ್ಟಿಲು ಏರಿತು. ಹಸನಬ್ಬ ಸ್ಟಿಯರಿಂಗ್ ಬಿಟ್ಟು ಇಳಿದು ಮಳೆಯಲ್ಲಿ ನಿಂತಿದ್ದ. ಯಾರೋ ಅವನ ಅಂಗಿಯ ಕಾಲರ್ ಹಿಡಿದರು. ಅವ ನನ್ನ ಕಡೆ ನೋಡಿದ. ನಾನು ಬೈರಾಸಿನ ರಕ್ತ ಹಿಂಡುತ್ತಿದ್ದೆ.

ಬೆಳ್ತಂಗಡಿ ಸ್ಟೇಷನ್ನಿನಲ್ಲಿ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರು. ಬರೆದುಕೊಳ್ಳುವವರು ಸಾವಕಾಶದ ಮನುಷ್ಯ, ಬಯ್ಯಲಿಲ್ಲ, ಬೆದರಿಸಲಿಲ್ಲ. ನನಗೆ ಸುಳ್ಳು ಹೇಳಲು ಯಾರ ಒತ್ತಾಯವೂ ಇರಲಿಲ್ಲ. ಅವರು ಕೇಳಿದ್ದು ಒಂದೇ: ನೀನು ರೈಟ್ ಕೊಟ್ಟಿದ್ದೆಯಾ? ಕೊರಳಲ್ಲಿ ತೂಗುತ್ತಿದ್ದ ವಿಸಿಲನ್ನು ನಾನು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೇ ಅಂಗಿಯೊಳಗೆ ಸರಿಸಿಬಿಟ್ಟಿದ್ದೆ. ಎದೆಗೆ ತಣ್ಣಗೆ ತಾಗುತ್ತಿತ್ತು.

"ಇಲ್ಲ," ಎಂದೆ.

ಅವರು ಹಸನಬ್ಬನನ್ನು ನೋಡಿದರು. ಅವನ ಲುಂಗಿಯಿಂದ ನೀರು ತೊಟ್ಟಿಕ್ಕಿ ಸಿಮೆಂಟಿನಲ್ಲಿ ಹೊಂಡದ ಹಾಗೆ ನಿಂತಿತ್ತು.

"ಅವ ಇಲ್ಲ ಅಂತ ಹೇಳಿದ್ರೆ ಇಲ್ಲ," ಎಂದ.

ಪ್ರಯಾಣಿಕರನ್ನೂ ಕೇಳಿದರು. ತಗಡಿನ ಮೇಲೆ ಮಳೆಯ ಸದ್ದು, ಯಾರಿಗೂ ಖಂಡಿತ ಹೇಳಲು ಆಗಲಿಲ್ಲ. ಸುಮತಿಗೆ ಆಗ ಏಳು ತಿಂಗಳು. ತಂಗಿಗೆ ಮದುವೆ ನಿಶ್ಚಯವಾಗಿತ್ತು. ಕೆಲಸ ಹೋದರೆ, ಜೈಲಾದರೆ ಎಂದು ಹೆದರಿದೆ. ಹಸನಬ್ಬನಿಗೂ ಹೆಂಡತಿ ಇದ್ದಳು, ಮಕ್ಕಳಿದ್ದರು. ಅದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ಹೊಳೆದಿತ್ತು. ಹೊಳೆದ ಮೇಲೂ ಇಲ್ಲ ಎಂದೆ.

ಆ ವಾರ ಅಪ್ಪ ನನ್ನನ್ನು ಅಂಗಳಕ್ಕೆ ಕರೆದ. ಆಗ ಅವನಿಗೆ ಎಪ್ಪತ್ತರ ಹತ್ತಿರ. ಮೊಯ್ದಿನಬ್ಬ ತೀರಿಕೊಂಡು ಐದಾರು ವರ್ಷ ಆಗಿತ್ತು. "ಮೊಯ್ದಿನಬ್ಬನ ಮಗ ಕೂಗು ಕೇಳದೆ ಗಾಡಿ ಬಿಡುವವನಲ್ಲ. ನನ್ನ ಮುಖ ನೋಡಿ ಹೇಳು. ಕೊಟ್ಟಿದ್ದೆಯಾ, ಇಲ್ಲವಾ?" ಎಂದು ಕೇಳಿದ.

ಅಪ್ಪನ ಮುಖ ನೋಡಿಯೇ ಇಲ್ಲ ಎಂದೆ. ಅಪ್ಪ ಮತ್ತೆ ಕೇಳಲಿಲ್ಲ. ಆದರೆ ಆಮೇಲೆ ಬದುಕಿದ್ದಷ್ಟು ವರ್ಷ ಅವ ನನ್ನ ಬಸ್ಸಿಗೆ ಹತ್ತಲಿಲ್ಲ. ನಮ್ಮ ಬಸ್ಸು ಬಂದರೆ ಕೊಡೆ ಅಡ್ಡ ಹಿಡಿದು ನಿಂತು, ಹಿಂದಿನ ಬಸ್ಸಿಗೆ ಕಾಯುತ್ತಿದ್ದ. ಕಕ್ಕಿಂಜೆಗೆ ಹಸನಬ್ಬನನ್ನು ನೋಡಲು ಹೋಗುವಾಗಲೂ ಹಾಗೆಯೇ.

ದೇಯಕ್ಕನ ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಕೋರ್ಟಿನಲ್ಲಿ ಕೇಸು ಬರುವ ಹೊತ್ತಿಗೆ ಮಳೆಗಾಲದ ಕೊನೆ. ನನಗೆ ಸಾಕ್ಷಿಗೆ ಕಾಗದ ಬಂದಿತ್ತು. ಪ್ರಮಾಣ ಮಾಡಿಸುತ್ತಾರೆ ಎಂದು ಗೊತ್ತಿತ್ತು. ಧರ್ಮಸ್ಥಳದ ಕಡೆಯ ಜನ ನಾವು, ಆಣೆ ಮಾತು ಎಂದರೆ ನಮಗೆ ಆಟವಲ್ಲ. ನನ್ನ ಹೆಸರು ಕರೆಯುವ ಮೊದಲೇ ಹಸನಬ್ಬ ಎದ್ದು ನಿಂತು ತಪ್ಪು ನನ್ನದೇ ಎಂದು ಒಪ್ಪಿಕೊಂಡ. ಸಾಕ್ಷಿ ಬೇಕಾಗಲಿಲ್ಲ. ದಂಡ ಆಯಿತು, ಲೈಸೆನ್ಸು ಹೋಯಿತು. ಧಣಿಗಳು ಅವನನ್ನು ಮೊದಲೇ ಕೆಲಸದಿಂದ ಬಿಡಿಸಿದ್ದರು.

ಹೊರಗೆ ಬಂದ ಮೇಲೆ ಅವನೇ ನನ್ನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ಎರಡು ಚಾ ಹೇಳಿದ. ನಾನು ಬಾಯಿ ತೆರೆಯಲು ನೋಡಿದೆ. ಅವ ಕೈ ಅಡ್ಡ ಹಿಡಿದ.

"ದೇವರ ಮೇಲೆ ಆಣೆ ಹಾಕಿ ನೀನು ಹಾಗೆ ಹೇಳುವುದು ನನಗೆ ಬೇಡ ಅಂತ ಕಂಡಿತು. ನಿನ್ನ ಅಪ್ಪನ ಎರಡು ಬೆರಳು ನಮ್ಮ ಗಾಡಿಯ ಅಡಿಯಲ್ಲಿ ಉಂಟು ಸಂಜೀವ. ಆ ಋಣ ಇವತ್ತಿಗೆ ಆಯ್ತು. ಇನ್ನು ಆ ಮಾತು ಬೇಡ. ಚಾ ಕುಡಿ, ತಣಿಯುತ್ತದೆ."

ಆ ಒಂದು ಸಲ ಬಿಟ್ಟರೆ ಅವ ಸಾಯುವವರೆಗೆ ನಾವು ಆ ವಿಷಯ ಎತ್ತಲಿಲ್ಲ. ಆ ದಿನ ನನಗೆ ಹಗುರವಾಯಿತು ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತೇನೆ. ಅಪ್ಪ ಬೆರಳು ಕೊಟ್ಟದ್ದು ತನ್ನ ಕೂಗಿಗೆ ತಾನೇ ಹೊಣೆ ಎಂದು. ನಾನು ನನ್ನ ಕೂಗನ್ನೇ ಇಲ್ಲವೆಂದು, ಅಪ್ಪನ ಬೆರಳುಗಳ ಮರೆಯಲ್ಲಿ ಅಡಗಿ ಕೂತೆ. ಇದು ತಿಳಿಯಲು ನನಗೆ ವರ್ಷಗಳು ಬೇಕಾದವು.

ಹಸನಬ್ಬ ಮೀನು ಮಾರಲು ಹೊರಟ. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ, ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾ ಉಜಿರೆಯಿಂದ ಚಾರ್ಮಾಡಿಯವರೆಗೆ. ಸುಮತಿಗೆ ಹೆರಿಗೆಯಾದಾಗ ಮೊದಲು ಬಂದು ಮಗುವನ್ನು ನೋಡಿದವ ಅವನೇ. ನಾನು ಹಾಲ್ಟಿಗೆ ಅವನ ಮನೆಗೆ ಹೋಗುವುದನ್ನು ಬಿಟ್ಟು ಬಸ್ಸಿನಲ್ಲೇ ಮಲಗತೊಡಗಿದ್ದೆ. ಮೂರನೆಯ ದಿನ ಬಂದು ಟರ್ಪಾಲು ಎತ್ತಿ, ಬೀಪಾತು ರೊಟ್ಟಿ ತಟ್ಟಿ ಕಾದು ಕೂತಿದ್ದಾಳೆ, ನಿನಗೇನು ದೆವ್ವ ಹಿಡಿದಿದೆಯಾ ಎಂದು ಬೈದು ಕರೆದುಕೊಂಡು ಹೋದ.

ಮಳೆ ಜೋರಾದ ದಿನ ಅವ ಸೈಕಲನ್ನು ನಮ್ಮ ಬಸ್ಸಿನ ಟಾಪಿಗೆ ಏರಿಸಿ ಹಿಂದಿನ ಬಾಗಿಲಿನ ಹತ್ತಿರ ನಿಲ್ಲುತ್ತಿದ್ದ. ಪ್ರತಿ ಸ್ಟಾಪಿನಲ್ಲಿ ನನಗಿಂತ ಮೊದಲು ಅವನೇ ಇಳಿದು ಮೆಟ್ಟಿಲು ನೋಡುವುದು. ಮುದುಕಿಯರ ಬುಟ್ಟಿಗಳನ್ನು ಒಳಗೆ ಎಳೆದು, ಎಲ್ಲರೂ ಹತ್ತಿದ ಮೇಲೆ ಹತ್ತಿ, ನನ್ನ ಮುಖ ನೋಡದೆ "ಆಯ್ತು" ಎನ್ನುವುದು. ನಾನು ರೈಟ್ ಕೊಡುವುದು. ಹೊಸ ಡ್ರೈವರ್ ನಗುತ್ತಿದ್ದ, ಮೀನಿನವನಿಗೆ ಬಸ್ಸಿನ ಚಾಕರಿ ಯಾಕೆ ಎಂದು. ಅದು ನನ್ನ ಮೇಲಿನ ಅನುಮಾನವೋ, ಕಾಳಜಿಯೋ ಎಂದು ಆಗ ಯೋಚಿಸುತ್ತಿದ್ದೆ. ಈಗ ನನಗೆ ತಿಳಿಯುವುದು ಇಷ್ಟೆ: ಅವ ನನ್ನ ಚಕ್ರಕ್ಕೆ ಕಲ್ಲು ಇಡುತ್ತಿದ್ದ.

ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ನನ್ನ ಜೊತೆಗೇ ಕೊಂಡುಹೋಗುತ್ತಿದ್ದೆನೋ ಏನೋ. ಎಂಬತ್ತೆಂಟರಲ್ಲಿ ನಾನು ಮೂಡುಬಿದಿರೆಯಲ್ಲಿ ಇನ್ನೊಬ್ಬರು ಧಣಿಗಳ ಬಸ್ಸುಗಳಿಗೆ ಟೈಂಕೀಪರ್. ಇಪ್ಪತ್ತು ವರ್ಷದ ರಫೀಕ್ ಡ್ರೈವಿಂಗ್ ಕಲಿತು ಲೈಸೆನ್ಸು ಹಿಡಿದುಕೊಂಡು ಬಂದ. ಬಸ್ಸಿನಲ್ಲಿ ಸೇರಬೇಕೆಂಬುದು ಅವನಿಗೆ ಬಾಲ್ಯದಿಂದಲೂ ಇದ್ದ ಹುಚ್ಚು. ಹಸನಬ್ಬ ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ಆ ಸಲ ಮಾತ್ರ, 'ಒಂದು ಮಾತು ಹೇಳಿ ನೋಡು' ಎಂದು ಕಳುಹಿಸಿದ್ದ. ನಾನೇ ಧಣಿಗಳ ಕೋಣೆಗೆ ಕರೆದುಕೊಂಡು ಹೋದೆ. ಅವರು ಲೈಸೆನ್ಸು ನೋಡಿ, ತಂದೆಯ ಹೆಸರು ಕೇಳಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಸೋಮಂತಡ್ಕದಲ್ಲಿ ರೈಟ್ ಇಲ್ಲದೆ ಬಸ್ಸು ತೆಗೆದವ, ಅವನ ಮಗನಾ ಇವ? ನೀನೇ ಅಲ್ಲವಾ ಸಂಜೀವ ಆ ಬಸ್ಸಿನಲ್ಲಿ ಇದ್ದದ್ದು?"

ನಾನೇ ಎಂದೆ. ಅಷ್ಟೇ ಹೇಳಿದೆ. ರಫೀಕನ ಕಿವಿ ಕೆಂಪಾದದ್ದು ನೋಡಿದೆ. ಬಸ್‌ಸ್ಟ್ಯಾಂಡಿನವರೆಗೆ ಅವನ ಜೊತೆ ನಡೆದೆ. ಅವ ಹೇಳಿದ: "ಅವರದ್ದು ತಪ್ಪಲ್ಲ ಸಂಜೀವಣ್ಣ. ನಾನಾದರೂ ಕೊಡುತ್ತಿರಲಿಲ್ಲ. ಉಪ್ಪ ಆ ದಿನ ಅಷ್ಟು ಅವಸರ ಮಾಡಬಾರದಿತ್ತು." ಬೆಳ್ತಂಗಡಿ ಬಸ್ಸಿಗೆ ಹತ್ತಿಸಿ ನಾನು ಹಿಂದೆ ಬಂದೆ. ಆರು ತಿಂಗಳಲ್ಲಿ ಅವ ಗಲ್ಫಿಗೆ ಹೋದ. ಅಲ್ಲಿ ಇಪ್ಪತ್ತೈದು ವರ್ಷ ಬೇರೆಯವರ ಗಾಡಿ ಓಡಿಸಿದ. ಹಸನಬ್ಬ ನಂತರವೂ ಬಂದ, ನನ್ನ ಮಗನ ಮದುವೆಗೆ ಬಂದ, ಸುಮತಿ ಹೋದಾಗ ಹದಿಮೂರು ದಿನವೂ ಬಂದು ಜಗಲಿಯಲ್ಲಿ ಕೂತ. ಅವ ಮಂಚ ಹಿಡಿದ ಮೇಲೆ ವಾರಕ್ಕೊಮ್ಮೆ ಹೋಗಿ ನಾನೂ ಕೂತೆ. ಕೊನೆಯ ತಿಂಗಳು ಅವನಿಗೆ ಕಿವಿಯೇ ಕೇಳುತ್ತಿರಲಿಲ್ಲ. ಹೇಳಬೇಕೆಂದಾಗ ಕೇಳುವವ ಇರಲಿಲ್ಲ. ಅವನಿಗೆ ಹೇಳುವ ಅಗತ್ಯವೂ ಇರಲಿಲ್ಲ; ಆ ಎರಡು ವಿಸಿಲು ಬಿದ್ದದ್ದೇ ಅವನ ಕಿವಿಗೆ. ಹೇಳಬೇಕಾಗಿದ್ದದ್ದು ಉಳಿದವರಿಗೆ.

ಕಕ್ಕಿಂಜೆಯ ಮನೆಯಲ್ಲಿ ಪ್ರಾರ್ಥನೆ ಮುಗಿಯಿತು. ಅಂಗಳದಲ್ಲಿ ಟರ್ಪಾಲಿನ ಕೆಳಗೆ ಜನ ಊಟಕ್ಕೆ ಕೂರತೊಡಗಿದರು. ನನಗೆ ಒಳಗೆ ಚಾವಡಿಯಲ್ಲಿ ಬಡಿಸಿದ್ದರು, ಯಾವತ್ತಿನ ಜಾಗದಲ್ಲಿ. ಬೀಪಾತುಮ್ಮ ಎದುರಿನ ಕುರ್ಚಿಯಲ್ಲಿ. ಅವಳಿಗೆ ಒಂದು ಕಣ್ಣು ಕಾಣುವುದಿಲ್ಲ. ನಾನು ರಫೀಕನನ್ನೂ ಶಮೀಮಳನ್ನೂ ಕರೆಯಲು ಹೇಳಿದೆ. ಊಟಕ್ಕೆ ಮೊದಲು ಒಂದು ಮಾತು ಉಂಟು ಎಂದೆ.

"ಆ ದಿನ ಸೋಮಂತಡ್ಕದಲ್ಲಿ ರೈಟ್ ಕೊಟ್ಟದ್ದು ನಾನು. ಇಳಿದು ನೋಡದೆ ಕೊಟ್ಟೆ. ಸ್ಟೇಷನ್ನಿನಲ್ಲಿ ಕೊಡಲಿಲ್ಲ ಅಂತ ಸುಳ್ಳು ಹೇಳಿದೆ. ಹಸನಬ್ಬ ರೈಟ್ ಇಲ್ಲದೆ ಬಸ್ಸು ತೆಗೆದವನಲ್ಲ."

ರಫೀಕ್ ನನ್ನನ್ನೇ ನೋಡಿದ. ಆಮೇಲೆ ಅಂಗಳಕ್ಕೆ ಇಳಿದು ಹೋದ.

"ಅಜ್ಜನಿಗೆ ಗೊತ್ತಿತ್ತಾ?" ಎಂದು ಶಮೀಮ ಕೇಳಿದಳು.

"ಗೊತ್ತಿತ್ತು."

ಬೀಪಾತುಮ್ಮ ಸೆರಗಿನ ತುದಿಯನ್ನು ಮಡಚಿದಳು, ಬಿಡಿಸಿದಳು. "ನನ್ನ ಹತ್ತಿರ ಅವರು ಹೇಳಿದ್ದು ಕಿವಿ ತಪ್ಪಿತು ಅಂತ," ಎಂದಳು. "ಎಷ್ಟು ಬೈದಿದ್ದೇನೆ ಗೊತ್ತುಂಟಾ ಸಂಜೀವಣ್ಣ? ಮೀನಿನ ಪೆಟ್ಟಿಗೆ ತೊಳೆಯುವಾಗೆಲ್ಲ ಬೈದಿದ್ದೇನೆ. ರಫೀಕ್ ವಿಮಾನ ಹತ್ತಿದ ದಿನ ಬೈದಿದ್ದೇನೆ. 'ನಿಮ್ಮ ಕಿವಿಗೆ ಮಣ್ಣು ಬೀಳಲಿ' ಅಂದಿದ್ದೇನೆ. ಕೊನೆಗೆ ಕಿವಿ ಹೋಯಿತಲ್ಲ, ನನ್ನ ಬಾಯಿಯೇ ತಾಗಿತು ಅಂತ ವರ್ಷದಿಂದ ಅಳುತ್ತಾ ಇದ್ದೇನೆ ನಾನು. ಆ ಬೈಗುಳ ಎಲ್ಲ ನಿಮ್ಮದು."

"ನನ್ನದು," ಎಂದೆ. "ಈಗ ಬೈಯಿರಿ."

"ಈಗ ಬೈಯಲು ನನ್ನಲ್ಲಿ ತ್ರಾಣ ಇಲ್ಲ." ಮತ್ತೆ ಹೇಳಿದಳು: "ನೀವು ಹೈಸ್ಕೂಲು ಓದಿದವರು. ಇದನ್ನು ಬರೆಯಿರಿ. ಎಲ್ಲರೂ ಓದುವ ಹಾಗೆ ಬರೆಯಿರಿ. ಬಾಯಿಯಲ್ಲಿ ಹೇಳಿದ್ದು ಈ ಚಾವಡಿ ದಾಟುವುದಿಲ್ಲ. ಅವರ ಹೆಸರು ಕೆಟ್ಟದ್ದು ಮೂರು ತಾಲೂಕಿನಲ್ಲಿ."

ಬರೆಯುತ್ತೇನೆ ಎಂದೆ. ಎದ್ದು ನಿಂತೆ. "ಕೂತುಕೊಳ್ಳಿ," ಎಂದಳು. "ಊಟ ಬೇರೆ, ಇದು ಬೇರೆ. ಅನ್ನ ಬಿಟ್ಟು ಎದ್ದವರನ್ನು ಈ ಮನೆಯಿಂದ ಅವರು ಕಳುಹಿಸಿದ್ದುಂಟಾ?"

ಉಂಡೆ. ಅಂತಹ ಊಟ ಯಾರಿಗೂ ಬೇಡ. ಆದರೂ ಎಲೆ ಖಾಲಿ ಮಾಡಿಯೇ ಎದ್ದೆ.

ಕಾರಿನಲ್ಲಿ ಬಿಡುತ್ತೇನೆ ಎಂದು ಶಮೀಮ ಹೇಳಿದಳು. ಬೇಡ, ಬಸ್ಸಿಗೆ ಹೋಗುತ್ತೇನೆ ಎಂದು ಕೋಲು ಹಿಡಿದು ಹೊರಟೆ. ಮಳೆ ಸಣ್ಣಗೆ ಹನಿಯುತ್ತಿತ್ತು. ಕಕ್ಕಿಂಜೆ ಪೇಟೆಯ ಹತ್ತಿರ ಬಂದಾಗ ಹಿಂದಿನಿಂದ ಯಾರೋ ನನ್ನ ಮೇಲೆ ಕೊಡೆ ಹಿಡಿದರು. ರಫೀಕ್. ಅವನ ಮುಖ ಗಂಟಿಕ್ಕಿಯೇ ಇತ್ತು. ಅದನ್ನು ಬಿಡಿಸಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಬಸ್ಸು ಬಂತು. ಮೆಟ್ಟಿಲು ಎತ್ತರ. ನಾನು ಕೋಲನ್ನು ಮೊದಲು ಮೇಲಿಟ್ಟು, ಕಂಬಿ ಹಿಡಿದು, ನಿಧಾನವಾಗಿ ಕಾಲು ಎತ್ತಿದೆ. ಒಳಗಿದ್ದ ಕಂಡಕ್ಟರ್ ಆಗಲೇ ವಿಸಿಲು ಬಾಯಿಗೆ ಇಟ್ಟಿದ್ದ. ರಫೀಕ್ ಅವನಿಗೆ ಕೈ ಅಡ್ಡ ತೋರಿಸಿ ನಿಂತ. ನನ್ನ ಎರಡನೆಯ ಕಾಲು ಒಳಗೆ ಬಂದು, ನಾನು ಸೀಟು ಹಿಡಿದು ಕೂರುವವರೆಗೆ ಕೈ ಇಳಿಸಲಿಲ್ಲ.

"ಆಯ್ತು," ಎಂದ ಆಮೇಲೆ. ಅವನ ಅಪ್ಪ ಹೇಳುತ್ತಿದ್ದ ಹಾಗೆಯೇ, ನನ್ನ ಮುಖ ನೋಡದೆ.

ಎರಡು ವಿಸಿಲು ಬಿತ್ತು, ಬಸ್ಸು ಹೊರಟಿತು. ಕಂಡಕ್ಟರ್ ಬಂದು ಬೆಳ್ತಂಗಡಿಗಾ ಅಜ್ಜ ಎಂದು ಕೇಳಿದ. ಅಲ್ಲ ಎಂದೆ. ದೇಯಕ್ಕ ಈಗ ಇಲ್ಲ. ಅವಳು ಬಿದ್ದ ಸ್ಟಾಪಿನ ಹತ್ತಿರವೇ ಅವಳ ಮಗಳು ರಸ್ತೆ ಬದಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾಳೆ. ಅಷ್ಟು ವರ್ಷ ಆ ಸ್ಟಾಪು ಬರುವಾಗ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ. ಹೊತ್ತು ಇನ್ನೂ ಇತ್ತು, ಅಂಗಡಿ ತೆರೆದಿರುವ ಹೊತ್ತು.

ಸೋಮಂತಡ್ಕಕ್ಕೆ ಟಿಕೇಟು ತೆಗೆದೆ.